ಕೋಶ ಎರಡಾಗುವ ಮೊದಲು ಎಲ್ಲೆಲ್ಲಿ ನಿಲ್ಲುತ್ತದೆ?

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಈರುಳ್ಳಿ ಬೇರಿನ ಸ್ಲೈಡ್ ನೆನಪಿರುತ್ತದೆ. ಈರುಳ್ಳಿಯ ಬುಡ ನೀರಿಗೆ ತಾಗುವಂತೆ ಇಟ್ಟರೆ ಕೆಲವೇ ದಿನಗಳಲ್ಲಿ ಬಿಳಿ ಬೇರು ಬರುತ್ತದೆ. ಅದರ ತುದಿಯನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್‌ಗೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಹಾಕಿಡುತ್ತಾರೆ. ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಬೇರು ಮೆತ್ತಗಾಗುತ್ತದೆ. ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಸ್ಲೈಡ್ ತಯಾರು.

ಮೈಕ್ರೋಸ್ಕೋಪಿನಡಿ ನೂರಾರು ಕೋಶಗಳು ಕಾಣುತ್ತವೆ. ಎಲ್ಲರೂ ಹುಡುಕುವುದು ಕೋಶ ಒಡೆಯುತ್ತಿರುವ ಹಂತಗಳನ್ನು: ಮೆಟಾಫೇಸ್ ಎಲ್ಲಿದೆ, ಅನಾಫೇಸ್ ಎಲ್ಲಿದೆ ಅಂತ. ಚಿತ್ರ ಬರೆದರೆ ಅಂಕ ಬರುವುದು ಅದಕ್ಕೇ, ಅಲ್ವಾ? ಆದರೆ ಅಲ್ಲಿರುವ ಬಹುಪಾಲು ಕೋಶಗಳು ಅಂಥ ಯಾವ ಭಂಗಿಯಲ್ಲೂ ಇರುವುದಿಲ್ಲ. ನಡುವೆ ಒಂದು ಗುಂಡನೆಯ ಕೋಶಕೇಂದ್ರ, ಸುತ್ತ ಏನೂ ನಡೆಯುತ್ತಿಲ್ಲ ಅನ್ನಿಸುವಷ್ಟು ಶಾಂತ. ಆ ಕೋಶಗಳಿಗೆ ಇಂಟರ್‌ಫೇಸ್ ಅಂತ ಹೆಸರು ಬರೆದು ಮುಂದೆ ಹೋಗಿಬಿಡುತ್ತೇವೆ.

ನನ್ನ ಮಟ್ಟಿಗೆ ಕೋಶ ವಿಭಜನೆಯ ನಿಜವಾದ ಕಥೆ ಇರುವುದು ನಾವು ಹೀಗೆ ದಾಟಿ ಹೋಗುವ ಕೋಶಗಳಲ್ಲಿ. ಎರಡಾಗಿ ಒಡೆಯುವುದು ಕೊನೆಯ ಕೆಲಸ, ಅದು ಬೇಗ ಮುಗಿಯುತ್ತದೆ. ಅದಕ್ಕೂ ಮೊದಲು ಕೋಶ ತಯಾರಿ ಮಾಡಿಕೊಳ್ಳುತ್ತದೆ. ಅಲ್ಲಲ್ಲಿ ನಿಂತು, ಎಲ್ಲ ಸರಿಯಾಗಿದೆಯಾ ಅಂತ ನೋಡಿಕೊಳ್ಳುತ್ತದೆ. ಸರಿಯಿಲ್ಲದಿದ್ದರೆ ಕಾಯುತ್ತದೆ. ಹೀಗೆ ನಿಲ್ಲುವ ಶಕ್ತಿ ಹೋದಾಗ ಏನಾಗುತ್ತದೆ ಅನ್ನುವುದಕ್ಕೆ ನಾವು ಇಟ್ಟಿರುವ ಹೆಸರು ಕ್ಯಾನ್ಸರ್.

ಒಂದು ದಿನದ ಲೆಕ್ಕ

ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯನ ಕೋಶ ಒಮ್ಮೆ ಎರಡಾಗಿ, ಮತ್ತೆ ಎರಡಾಗಲು ಸುಮಾರು 24 ಗಂಟೆ ಬೇಕು. ಇದರಲ್ಲಿ ಕಣ್ಣಿಗೆ ಕಾಣುವ ವಿಭಜನೆ, ಅಂದರೆ ಎಂ ಹಂತ, ಹೆಚ್ಚುಕಮ್ಮಿ ಒಂದು ಗಂಟೆ ಮಾತ್ರ. ಉಳಿದ 23 ಗಂಟೆ ಇಂಟರ್‌ಫೇಸ್. ಬ್ರೆಡ್ ಉಬ್ಬಿಸುವ ಯೀಸ್ಟ್ ಇಡೀ ಚಕ್ರವನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿಬಿಡುತ್ತದೆ.

ಇಂಟರ್‌ಫೇಸ್ ಒಳಗೆ ಏನು ನಡೆಯುತ್ತದೆ ಅನ್ನುವುದು ಬಹಳ ಕಾಲ ಗೊತ್ತೇ ಇರಲಿಲ್ಲ. 1953ರಲ್ಲಿ ಲಂಡನ್ನಿನ ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಇದನ್ನು ಬಿಡಿಸಿದರು. ಅವರು ಬಳಸಿದ್ದು ಬ್ರಾಡ್ ಬೀನ್ ಗಿಡದ ಬೇರು. ಇದು ನಮ್ಮ ಅವರೆ ಅಲ್ಲ, ಯೂರೋಪಿನವರು ಹೆಚ್ಚಾಗಿ ತಿನ್ನುವ ಬೇರೆ ಜಾತಿಯ ಕಾಳು. ಬೇರಿಗೆ ವಿಕಿರಣ ಸೂಸುವ ರಂಜಕವನ್ನು ಉಣಿಸಿದರು. ಹೊಸ ಡಿಎನ್‌ಎ ಕಟ್ಟಲು ರಂಜಕ ಬೇಕೇ ಬೇಕು. ಹಾಗಾಗಿ ಯಾವ ಕೋಶ ಆಗ ಡಿಎನ್‌ಎ ತಯಾರಿಸುತ್ತಿತ್ತೋ ಆ ಕೋಶ ಮಾತ್ರ ಫೋಟೋ ಫಿಲ್ಮ್ ಮೇಲೆ ಕಪ್ಪು ಚುಕ್ಕೆ ಬಿಡುತ್ತದೆ.

ಚುಕ್ಕೆ ಬಿದ್ದಿದ್ದು ಎಲ್ಲ ಕೋಶಗಳ ಮೇಲಲ್ಲ. ವಿಭಜನೆ ಮುಗಿದ ಕೂಡಲೇ ಡಿಎನ್‌ಎ ತಯಾರಿ ಶುರುವಾಗುವುದಿಲ್ಲ, ನಡುವೆ ಒಂದು ಬಿಡುವಿದೆ. ಡಿಎನ್‌ಎ ತಯಾರಾದ ಕೂಡಲೇ ವಿಭಜನೆಯೂ ಶುರುವಾಗುವುದಿಲ್ಲ, ಅಲ್ಲೂ ಒಂದು ಬಿಡುವಿದೆ. ಮೊದಲ ಬಿಡುವಿಗೆ ಜಿ1, ಎರಡನೆಯದಕ್ಕೆ ಜಿ2, ಡಿಎನ್‌ಎ ತಯಾರಾಗುವ ಹಂತಕ್ಕೆ ಎಸ್ ಅಂತ ಹೆಸರು ಬಂತು. 24 ಗಂಟೆಯ ಚಕ್ರದಲ್ಲಿ ಜಿ1ಗೆ ಸುಮಾರು 11 ಗಂಟೆ, ಎಸ್‌ಗೆ 8, ಜಿ2ಗೆ 4 ಗಂಟೆ ಹೋಗುತ್ತದೆ.

ಬಿಡುವು ಅಂದರೂ ಕೋಶ ಸುಮ್ನೆ ಕೂತಿರುವುದಿಲ್ಲ. ಜಿ1ರಲ್ಲಿ ಅದು ಬೆಳೆಯುತ್ತದೆ, ಪ್ರೋಟೀನು ಕೂಡಿಸಿಕೊಳ್ಳುತ್ತದೆ, ಹೊರಗಿನಿಂದ ಬರುವ ಸೂಚನೆಗಳನ್ನು ಗಮನಿಸುತ್ತದೆ. ಆಹಾರ ಸಾಕಷ್ಟಿದೆಯಾ? ಪಕ್ಕದ ಕೋಶಗಳಿಂದ ಬೆಳೆಯಬಹುದು ಅನ್ನುವ ಸಂದೇಶ ಬಂದಿದೆಯಾ? ಡಿಎನ್‌ಎಗೆ ಏನಾದರೂ ಪೆಟ್ಟು ಬಿದ್ದಿದೆಯಾ? ಇಷ್ಟೂ ಸರಿಯಿದ್ದರೆ ಜಿ1ರ ಕೊನೆಯ ಕಡೆ ಒಂದು ಗಡಿ ದಾಟುತ್ತದೆ. ಆಮೇಲೆ ಹೊರಗಿನ ಸೂಚನೆ ನಿಂತರೂ ಕೋಶ ಹಿಂದೆ ಸರಿಯುವುದಿಲ್ಲ, ವಿಭಜನೆಯತ್ತ ಹೋಗಿಯೇ ಹೋಗುತ್ತದೆ.

ಗಡಿ ದಾಟದ ಕೋಶ ಚಕ್ರದಿಂದಲೇ ಹೊರಗೆ ಬಂದು ನಿಲ್ಲಬಹುದು. ಈ ಸ್ಥಿತಿಗೆ ಜಿ0 ಅನ್ನುತ್ತಾರೆ. ನಮ್ಮ ದೇಹದ ಹೆಚ್ಚಿನ ಕೋಶಗಳು ಇರುವುದು ಇಲ್ಲೇ. ಮೆದುಳಿನ ನರಕೋಶಗಳು ಬಹುತೇಕ ಜೀವನಪೂರ್ತಿ ಹೀಗೇ ಇರುತ್ತವೆ. ಯಕೃತ್ತಿನ ಕೋಶಗಳದ್ದು ಬೇರೆ ರೀತಿ. ಸಾಮಾನ್ಯವಾಗಿ ವಿಭಜನೆ ಆಗುವುದು ಅಪರೂಪ, ಆದರೆ ಯಕೃತ್ತಿನ ಒಂದು ಭಾಗವನ್ನು ಆಪರೇಷನ್ ಮಾಡಿ ತೆಗೆದರೆ ಉಳಿದ ಕೋಶಗಳು ಮತ್ತೆ ಚಕ್ರಕ್ಕೆ ಇಳಿಯುತ್ತವೆ. ತಮ್ಮ ಯಕೃತ್ತಿನ ಭಾಗ ದಾನ ಮಾಡಿದವರು ಚೆನ್ನಾಗಿ ಬದುಕಲು ಸಾಧ್ಯವಾಗಿರುವುದು ಇದರಿಂದಲೇ. ಇನ್ನು ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಮೂಳೆಯ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಅಲ್ಲಿ ನಿಲ್ಲಲು ಪುರುಸೊತ್ತೇ ಇಲ್ಲ.

57 ದಿನದ ಕೆಲಸ 8 ಗಂಟೆಯಲ್ಲಿ

ಎಸ್ ಹಂತದ ಬಗ್ಗೆ ಪಠ್ಯಪುಸ್ತಕದಲ್ಲಿ ಒಂದೇ ಸಾಲು ಇರುತ್ತದೆ: ಡಿಎನ್‌ಎ ದುಪ್ಪಟ್ಟಾಗುತ್ತದೆ. ಆ ಸಾಲಿನ ಹಿಂದೆ ಎಷ್ಟು ಕೆಲಸ ಇದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ.

ಮನುಷ್ಯನ ಸಾಮಾನ್ಯ ಕೋಶದಲ್ಲಿ 46 ವರ್ಣತಂತುಗಳಿವೆ, ಅಂದರೆ ಡಿಎನ್‌ಎಯ ಉದ್ದನೆಯ ಎಳೆಗಳು. ಡಿಎನ್‌ಎ ಕಟ್ಟಿರುವ ಸಣ್ಣ ರಾಸಾಯನಿಕ ಘಟಕಗಳನ್ನು ಅಕ್ಷರ ಅಂದುಕೊಂಡರೆ, ಎಲ್ಲ ಸೇರಿ ಸುಮಾರು 640 ಕೋಟಿ ಅಕ್ಷರ ಜೋಡಿಗಳು. ಬಿಡಿಸಿ ಹಿಡಿದರೆ ಎರಡು ಮೀಟರ್ ಉದ್ದ. ಇದರಲ್ಲಿ ಎಲ್ಲಕ್ಕಿಂತ ದೊಡ್ಡದು 1ನೇ ವರ್ಣತಂತು, ಅದೊಂದರಲ್ಲೇ ಸುಮಾರು 24 ಕೋಟಿ 90 ಲಕ್ಷ ಅಕ್ಷರಗಳಿವೆ. ಮನುಷ್ಯನ ಕೋಶದಲ್ಲಿ ನಕಲು ನಡೆಯುವ ವೇಗ ಸೆಕೆಂಡಿಗೆ ಸುಮಾರು 50 ಅಕ್ಷರ. ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಹೋದರೆ ಎಷ್ಟು ಹೊತ್ತು ಬೇಕು? ಸುಮಾರು 50 ಲಕ್ಷ ಸೆಕೆಂಡು. ಅಂದರೆ 57 ದಿನ.

ಕೋಶದ ಹತ್ತಿರ ಇರುವುದು ಎಂಟು ಗಂಟೆ. ಅದಕ್ಕೇ ನಕಲು ಒಂದು ಕಡೆಯಿಂದ ನಡೆಯುವುದಿಲ್ಲ. ಡಿಎನ್‌ಎ ಉದ್ದಕ್ಕೂ ಸಾವಿರಾರು ಕಡೆ ಶುರುವಾಗಿ, ಒಂದೊಂದು ಜಾಗದಿಂದಲೂ ಎರಡೂ ದಿಕ್ಕಿಗೆ ಸಾಗಿ, ಪಕ್ಕದಿಂದ ಬಂದ ನಕಲಿಗೆ ಸೇರಿಕೊಳ್ಳುತ್ತದೆ. ಇಲ್ಲೊಂದು ಅಪಾಯವಿದೆ. ಒಂದೇ ಜಾಗದಿಂದ ಎರಡು ಸಲ ಶುರುವಾದರೆ ಆ ಭಾಗ ಮೂರು, ನಾಲ್ಕು ಪ್ರತಿಯಾಗಿ ವರ್ಣತಂತು ಹಾಳಾಗುತ್ತದೆ. ಇದನ್ನು ತಡೆಯಲು ಕೋಶ ಬಹಳ ಜಾಣ ವ್ಯವಸ್ಥೆ ಮಾಡಿಕೊಂಡಿದೆ. ನಕಲು ಶುರುಮಾಡಲು ಬೇಕಾದ ಪ್ರೋಟೀನುಗಳನ್ನು ಆಯಾ ಜಾಗದಲ್ಲಿ ಕೂರಿಸುವುದು ಜಿ1ರಲ್ಲಿ ಮಾತ್ರ. ಎಸ್ ಶುರುವಾದ ಮೇಲೆ ಹೊಸದಾಗಿ ಕೂರಿಸಲು ಆಗುವುದಿಲ್ಲ. ಒಮ್ಮೆ ಕೆಲಸ ಮುಗಿಸಿದ ಜಾಗಕ್ಕೆ ಮುಂದಿನ ವಿಭಜನೆ ಆಗುವ ತನಕ ಮತ್ತೆ ಅವಕಾಶವಿಲ್ಲ.

ತಪ್ಪುಗಳ ಲೆಕ್ಕವೂ ಹೀಗೇ ಬೆರಗು ಹುಟ್ಟಿಸುತ್ತದೆ. ನಕಲು ಮಾಡುವ ಕಿಣ್ವ ಅಕ್ಷರ ಜೋಡಿಸುವಾಗ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ವಿಭಜನೆಗೆ 64 ಸಾವಿರ ತಪ್ಪು ಉಳಿಯುತ್ತಿತ್ತು. ಆದರೆ ಅದೇ ಕಿಣ್ವ ತಪ್ಪಿದ ಅಕ್ಷರವನ್ನು ಆಗಲೇ ಗುರುತಿಸಿ ಕಿತ್ತು ಹಾಕುತ್ತದೆ. ಅದರ ಕಣ್ಣಿಗೂ ತಪ್ಪಿಸಿಕೊಂಡದ್ದನ್ನು ಹಿಂದಿನಿಂದ ಬರುವ ದುರಸ್ತಿ ಪ್ರೋಟೀನುಗಳು ಹಿಡಿಯುತ್ತವೆ. ಕೊನೆಗೆ ಉಳಿಯುವುದು ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪು, ಅಥವಾ ಅದಕ್ಕೂ ಕಡಿಮೆ.

ನಕಲು ಆಗುತ್ತಿರುವಾಗಲೇ ಇನ್ನೊಂದು ಕೆಲಸ ನಡೆದಿರುತ್ತದೆ. ಹಳೆಯ ಎಳೆ ಮತ್ತು ಅದರ ನಕಲು ಒಂದಕ್ಕೊಂದು ದೂರ ಸರಿದುಬಿಟ್ಟರೆ, ಆಮೇಲೆ ಯಾವುದಕ್ಕೆ ಯಾವುದು ಜೋಡಿ ಅಂತ ಕೋಶಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕೊಹೀಸಿನ್ ಅನ್ನುವ ಪ್ರೋಟೀನು ಬಳೆಯ ಹಾಗೆ ಎರಡೂ ಎಳೆಗಳನ್ನು ಒಟ್ಟಿಗೆ ಸುತ್ತುವರಿದು ಹಿಡಿದಿಡುತ್ತದೆ. ಉದ್ದಕ್ಕೂ ಇಂಥ ಬಳೆಗಳು ಬಹಳಷ್ಟು. ಈ ಬಳೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಬಹಳ ವಿಷಯಗಳು ಇವುಗಳ ಮೇಲೆ ನಿಂತಿವೆ.

ಯಾವಾಗ ಹೊರಡಬೇಕು ಅಂತ ಹೇಳುವವರು ಯಾರು?

ಕೋಶ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವುದನ್ನು ತೀರ್ಮಾನಿಸುವುದು ಯಾವುದು? ಈ ಪ್ರಶ್ನೆಗೆ ಉತ್ತರ ಬಂದಿದ್ದು ಯೀಸ್ಟ್‌ನಿಂದ ಮತ್ತು ಕಡಲ ಜೀವಿಯೊಂದರ ಮೊಟ್ಟೆಯಿಂದ.

ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ 1970ರ ಸುಮಾರಿಗೆ ಬ್ರೆಡ್ ಯೀಸ್ಟ್‌ನ ವಿಚಿತ್ರ ತಳಿಗಳನ್ನು ಆರಿಸತೊಡಗಿದರು. ತಂಪಿನಲ್ಲಿ ಇವು ಚೆನ್ನಾಗಿ ಬೆಳೆಯುತ್ತವೆ, ಸ್ವಲ್ಪ ಬಿಸಿಯಾದರೆ ಚಕ್ರದ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತುಬಿಡುತ್ತವೆ. ಯೀಸ್ಟ್ ಮೊಗ್ಗು ಬಿಟ್ಟು ಎರಡಾಗುವುದರಿಂದ ಮೊಗ್ಗಿನ ಗಾತ್ರ ನೋಡಿದರೆ ಸಾಕು, ಎಲ್ಲಿ ನಿಂತಿದೆ ಅಂತ ಹೇಳಬಹುದು. ಹೀಗೆ ಚಕ್ರವನ್ನು ನಡೆಸುವ ಜೀನುಗಳು ಒಂದೊಂದಾಗಿ ಸಿಕ್ಕವು.

ಎಡಿನ್‌ಬರೋದಲ್ಲಿ ಪಾಲ್ ನರ್ಸ್ ಇನ್ನೊಂದು ಜಾತಿಯ ಯೀಸ್ಟ್ ನೋಡುತ್ತಿದ್ದರು. ಅವರಿಗೆ ಸಿಕ್ಕ ಒಂದು ತಳಿಯ ಕೋಶಗಳು ಬಹಳ ಚಿಕ್ಕವಿದ್ದಾಗಲೇ ಒಡೆಯುತ್ತಿದ್ದವು. ಬೇರೆಯವರು ಒಡೆಯದೇ ಉಳಿದ ಕೋಶಗಳನ್ನು ಹುಡುಕುತ್ತಿದ್ದರೆ, ಇಲ್ಲಿ ಅವಸರಪಟ್ಟ ಕೋಶ ಸಿಕ್ಕಿತ್ತು. ಹಾಳಾಗಿದ್ದ ಆ ಜೀನಿನ ಕೆಲಸ ಏನು ಅಂತ ಯೋಚಿಸಿ: ಸಾಕಷ್ಟು ಬೆಳೆಯುವ ತನಕ ಕೋಶವನ್ನು ತಡೆದು ನಿಲ್ಲಿಸುವುದು! ಅದಕ್ಕೆ ವೀ1 ಅಂತ ಹೆಸರಿಟ್ಟರು. ಅದು ತಡೆಯುತ್ತಿದ್ದದ್ದು ಇನ್ನೊಂದು ಮುಖ್ಯ ಕಿಣ್ವವನ್ನು, ಇವತ್ತು ನಾವು ಸಿಡಿಕೆ1 ಅನ್ನುವುದನ್ನು.

1987ರಲ್ಲಿ ಮೆಲನಿ ಲೀ ಮತ್ತು ನರ್ಸ್, ಈ ಕಿಣ್ವ ಕೆಟ್ಟಿದ್ದ ಯೀಸ್ಟ್ ಒಳಗೆ ಮನುಷ್ಯನ ಜೀನುಗಳನ್ನು ಸೇರಿಸಿದರು. ಒಂದು ಜೀನು ಯೀಸ್ಟ್ ಅನ್ನು ಬದುಕಿಸಿತು. ನಾವು ಮತ್ತು ಯೀಸ್ಟ್ ಬೇರೆ ಬೇರೆ ದಾರಿ ಹಿಡಿದು ನೂರು ಕೋಟಿ ವರ್ಷಕ್ಕೂ ಜಾಸ್ತಿಯಾಗಿದೆ. ಆದರೂ ನಮ್ಮ ಕೋಶದ ಯಂತ್ರದ ಮುಖ್ಯ ಭಾಗ ಯೀಸ್ಟ್‌ನಲ್ಲಿ ಹಾಕಿದರೆ ಕೆಲಸ ಮಾಡುತ್ತದೆ. ಜೀವಿಗಳೆಲ್ಲ ಒಂದೇ ಮೂಲದವು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗಂತೂ ಬೇರೆ ನೆನಪಾಗುವುದಿಲ್ಲ.

ಇನ್ನು ಮೂರನೆಯವರು ಟಿಮ್ ಹಂಟ್. 1982ರ ಬೇಸಿಗೆಯಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಅವರು ಸೀ ಅರ್ಚಿನ್ ಅನ್ನುವ, ಮೈತುಂಬ ಮುಳ್ಳಿರುವ ಕಡಲ ಜೀವಿಯ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದರು. ಫಲಿತವಾದ ಮೊಟ್ಟೆಯಲ್ಲಿ ಹೊಸ ಪ್ರೋಟೀನುಗಳು ಹೆಚ್ಚುತ್ತಾ ಹೋಗುತ್ತವೆ, ಅದು ಸಹಜ. ಆದರೆ ಒಂದು ಪ್ರೋಟೀನು ಮಾತ್ರ ಹೆಚ್ಚಿ, ಮೊಟ್ಟೆ ಎರಡಾಗುವ ಹೊತ್ತಿಗೆ ಮಾಯವಾಗುತ್ತಿತ್ತು. ಮತ್ತೆ ಹೆಚ್ಚುತ್ತಿತ್ತು, ಮುಂದಿನ ವಿಭಜನೆಗೆ ಮತ್ತೆ ಮಾಯ. ಅದೇ ಸೈಕ್ಲಿನ್.

ಈ ಮೂರನ್ನೂ ಜೋಡಿಸಿದಾಗ ಚಿತ್ರ ಪೂರ್ತಿಯಾಯಿತು. ಸಿಡಿಕೆ ಕಿಣ್ವ ಕೋಶದಲ್ಲಿ ಯಾವಾಗಲೂ ಇರುತ್ತದೆ, ಆದರೆ ಒಂಟಿಯಾಗಿದ್ದರೆ ಅದಕ್ಕೆ ಶಕ್ತಿಯಿಲ್ಲ. ಸೈಕ್ಲಿನ್ ಬಂದು ಅಂಟಿಕೊಂಡಾಗ ಮಾತ್ರ ಕೆಲಸ ಶುರು. ಹಂತಕ್ಕೆ ತಕ್ಕಂತೆ ಬೇರೆ ಬೇರೆ ಸೈಕ್ಲಿನ್‌ಗಳಿವೆ. ಜಿ1 ದಾಟಿಸಲು ಒಂದು, ಎಸ್ ನಡೆಸಲು ಒಂದು, ವಿಭಜನೆಗೆ ಇನ್ನೊಂದು. ಕೆಲಸ ಮುಗಿದ ಸೈಕ್ಲಿನ್ ಅನ್ನು ಕೋಶ ಪುಡಿ ಮಾಡಿಬಿಡುತ್ತದೆ. ಚಕ್ರ ಹಿಂದಕ್ಕೆ ತಿರುಗದೆ ಮುಂದೆ ಮಾತ್ರ ಹೋಗುವುದು ಇದರಿಂದ. ನಾಶವಾದ ಪ್ರೋಟೀನು ತಾನಾಗಿ ವಾಪಸ್ ಬರುವುದಿಲ್ಲ, ಹೊಸದಾಗಿ ತಯಾರಾಗಬೇಕು. ಹಾರ್ಟ್‌ವೆಲ್, ನರ್ಸ್, ಹಂಟ್ ಮೂವರಿಗೂ 2001ರಲ್ಲಿ ನೊಬೆಲ್ ಬಂತು.

ಆ ಒಂದು ಗಂಟೆ

ಈಗ ಎಲ್ಲರಿಗೂ ಗೊತ್ತಿರುವ ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್‌ಗೆ ಬರೋಣ. ಇವನ್ನು ಮೊದಲು ಸರಿಯಾಗಿ ನೋಡಿ ದಾಖಲಿಸಿದವರು ಜರ್ಮನಿಯ ವಾಲ್ಟರ್ ಫ್ಲೆಮಿಂಗ್. ಅವರ ಪುಸ್ತಕ ಬಂದಿದ್ದು 1882ರಲ್ಲಿ. ಸಲಮಾಂಡರ್ ಮರಿಗಳ ಕೋಶ, ಅದರೊಳಗಿನ ವರ್ಣತಂತು, ಎರಡೂ ದೊಡ್ಡವು. ಬಣ್ಣ ಹಾಕಿದಾಗ ಎಳೆಗಳು ಉದ್ದಕ್ಕೆ ಸೀಳಿ ಎರಡಾಗುವುದು ಅವರಿಗೆ ಕಂಡಿತು. ಡಿಎನ್‌ಎ ಅಂದರೆ ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಪ್ರೋಫೇಸ್‌ನಲ್ಲಿ ಡಿಎನ್‌ಎ ಸುತ್ತಿಕೊಂಡು ಗಟ್ಟಿಯಾಗುತ್ತದೆ. ಎಷ್ಟು ಗಟ್ಟಿ? 1ನೇ ವರ್ಣತಂತುವಿನ ಡಿಎನ್‌ಎ ಬಿಡಿಸಿದರೆ ಸುಮಾರು ಎಂಟೂವರೆ ಸೆಂಟಿಮೀಟರ್. ವಿಭಜನೆಯ ಹೊತ್ತಿಗೆ ಅದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಕ್ಕೆ ಇಳಿದಿರುತ್ತದೆ. ಹೀಗೆ ಮಡಚದಿದ್ದರೆ ಎಳೆಯುವಾಗ ಸಿಕ್ಕುಬಿದ್ದು ತುಂಡಾಗುವುದು ಖಂಡಿತ. ನಂತರ ಕೋಶಕೇಂದ್ರದ ಪೊರೆ ಕಳಚಿಕೊಳ್ಳುತ್ತದೆ. ಕೋಶದ ಎದುರುಬದುರಿನ ಎರಡು ತುದಿಗಳಿಂದ, ಅಂದರೆ ಧ್ರುವಗಳಿಂದ, ಮೈಕ್ರೋಟ್ಯೂಬ್ಯೂಲ್ ಅನ್ನುವ ತೆಳು ನಳಿಕೆಗಳು ಹೊರಡುತ್ತವೆ. ಇವುಗಳ ಒಟ್ಟು ರಚನೆಯೇ ಸ್ಪಿಂಡಲ್.

ಈ ನಳಿಕೆಗಳು ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದು ಹೋಗುವುದಿಲ್ಲ. ಬೆಳೆಯುತ್ತವೆ, ಏನೂ ಸಿಗದಿದ್ದರೆ ಕುಗ್ಗುತ್ತವೆ, ಮತ್ತೆ ಬೇರೆ ಕಡೆ ಬೆಳೆಯುತ್ತವೆ. ಹೀಗೆ ತಡಕಾಡುತ್ತಾ ವರ್ಣತಂತುವಿನ ನಡುವೆ ಇರುವ ಕೈನೆಟೊಕೋರ್ ಅನ್ನುವ ಹಿಡಿಯನ್ನು ಮುಟ್ಟಿದಾಗ ಅಂಟಿಕೊಳ್ಳುತ್ತವೆ. ಪ್ರತಿ ವರ್ಣತಂತುವಿಗೂ ಬೆನ್ನಿಗೆ ಬೆನ್ನು ಮಾಡಿಕೊಂಡ ಎರಡು ಹಿಡಿಗಳಿವೆ. ಒಂದು ಹಿಡಿ ಒಂದು ಧ್ರುವಕ್ಕೆ, ಇನ್ನೊಂದು ಹಿಡಿ ಎದುರಿನ ಧ್ರುವಕ್ಕೆ ಕಟ್ಟಿಕೊಳ್ಳಬೇಕು. ಎರಡೂ ಒಂದೇ ಧ್ರುವಕ್ಕೆ ಅಂಟಿದರೆ ತಪ್ಪು. ತಪ್ಪಾಗಿದೆ ಅಂತ ಕೋಶಕ್ಕೆ ಹೇಗೆ ತಿಳಿಯುತ್ತದೆ? ಬಿಗಿತದಿಂದ! ಸರಿಯಾಗಿ ಕಟ್ಟಿದ್ದರೆ ಎರಡೂ ಕಡೆ ಜಗ್ಗಾಟ ಇರುತ್ತದೆ, ನಡುವಿನ ಬಳೆಗಳು ಬಿಡದೆ ಹಿಡಿದಿರುವುದರಿಂದ ಬಿಗಿತ ಹುಟ್ಟುತ್ತದೆ. ಬಿಗಿತ ಇಲ್ಲದ ಅಂಟನ್ನು ಅರೋರ ಬಿ ಅನ್ನುವ ಕಿಣ್ವ ಬಿಡಿಸಿಹಾಕುತ್ತದೆ. ಮತ್ತೆ ಪ್ರಯತ್ನ.

ಎಲ್ಲವೂ ಕೋಶದ ಮಧ್ಯದಲ್ಲಿ ಸಾಲಾಗಿ ನಿಂತಾಗ ಮೆಟಾಫೇಸ್. ಮನುಷ್ಯನ ಕೋಶದಲ್ಲಿ 46 ವರ್ಣತಂತು, 92 ಹಿಡಿ. ಇವುಗಳಲ್ಲಿ 91 ಅಂಟಿ, ಒಂದು ಮಾತ್ರ ಉಳಿದಿದ್ದರೂ ಕೋಶ ಮುಂದೆ ಹೋಗದೆ ನಿಲ್ಲುತ್ತದೆ. ಎಲ್ಲ ಸರಿಯಾಗುವ ತನಕ ಕಾಯುತ್ತದೆ.

ಇದನ್ನು ತೋರಿಸಿದ ಪ್ರಯೋಗ ನನಗೆ ಬಹಳ ಇಷ್ಟ. 1995ರಲ್ಲಿ ಕಾನ್ಲಿ ರೀಡರ್ ಮತ್ತು ಜೊತೆಗಾರರು ಪೊಟೊರೂ ಅನ್ನುವ, ಕಾಂಗರೂ ಸಂಬಂಧಿಯಾದ ಚಿಕ್ಕ ಪ್ರಾಣಿಯ ಮೂತ್ರಪಿಂಡದ ಕೋಶ ತೆಗೆದುಕೊಂಡರು. ಈ ಕೋಶಗಳು ಚಪ್ಪಟೆಯಾಗಿರುತ್ತವೆ, ವರ್ಣತಂತುಗಳೂ ಕೆಲವೇ ಕೆಲವು. ಹಾಗಾಗಿ ಜೀವಂತವಾಗಿರುವಾಗಲೇ ಒಂದೊಂದನ್ನೂ ಬೇರೆಬೇರೆಯಾಗಿ ನೋಡಬಹುದು. ಎಲ್ಲ ಅಂಟಿಕೊಂಡು ಒಂದೇ ಒಂದು ಹಿಡಿ ಬಾಕಿ ಉಳಿದ ಕೋಶವನ್ನು ಹುಡುಕಿದರು. ಅದು ಕಾಯುತ್ತಾ ನಿಂತಿತ್ತು. ಆಗ ಸೂಕ್ಷ್ಮ ಲೇಸರ್ ಕಿರಣ ಬಿಟ್ಟು ಆ ಅಂಟದ ಹಿಡಿಯನ್ನು ಸುಟ್ಟುಹಾಕಿದರು. ವರ್ಣತಂತು ಇನ್ನೂ ಸರಿಯಾಗಿ ಕಟ್ಟಿಕೊಂಡಿರಲಿಲ್ಲ, ಸಮಸ್ಯೆ ಹಾಗೇ ಇತ್ತು. ಆದರೂ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಕೋಶ ಅನಾಫೇಸ್‌ಗೆ ಹೊರಟುಬಿಟ್ಟಿತು. ಅಂದರೆ ಇಷ್ಟು ಹೊತ್ತೂ 'ನಿಲ್ಲು' ಅಂತ ಹೇಳುತ್ತಿದ್ದದ್ದು ಅಂಟದೆ ಉಳಿದ ಆ ಹಿಡಿಯೇ. ಹೇಳುವುದು ಇಲ್ಲವಾದ ಕೂಡಲೇ ತಡೆಯೂ ಇಲ್ಲವಾಯಿತು.

ತಡೆ ತೆಗೆದಾಗ ಏನಾಗುತ್ತದೆ? ಬಳೆ ಕತ್ತರಿಸುವ ಸೆಪರೇಸ್ ಅನ್ನುವ ಕಿಣ್ವ ಕೋಶದಲ್ಲಿ ಮೊದಲೇ ತಯಾರಾಗಿರುತ್ತದೆ. ಸೆಕ್ಯೂರಿನ್ ಅನ್ನುವ ಇನ್ನೊಂದು ಪ್ರೋಟೀನು ಅದನ್ನು ಕಟ್ಟಿಹಾಕಿರುತ್ತದೆ. ಕೊನೆಯ ಹಿಡಿ ಅಂಟಿಕೊಂಡ ಮೇಲೆ ಕೋಶ ಸೆಕ್ಯೂರಿನ್ ಅನ್ನು ನಾಶ ಮಾಡುತ್ತದೆ. ಬಿಡುಗಡೆಯಾದ ಸೆಪರೇಸ್ ಬಳೆಗಳನ್ನು ಕತ್ತರಿಸುತ್ತದೆ. ಎಲ್ಲ ವರ್ಣತಂತುಗಳ ಜೋಡಿಯೂ ಬಹುತೇಕ ಒಟ್ಟಿಗೇ ಬೇರೆಯಾಗಿ, ನಿಮಿಷಕ್ಕೆ ಒಂದು ಮೈಕ್ರೋಮೀಟರ್ ಆಸುಪಾಸಿನ ವೇಗದಲ್ಲಿ ಎರಡು ಧ್ರುವಗಳ ಕಡೆ ಹೋಗುತ್ತವೆ. ಅದು ಅನಾಫೇಸ್. ಈ ಹೆಜ್ಜೆ ಇಟ್ಟ ಮೇಲೆ ವಾಪಸ್ ಬರಲು ದಾರಿಯಿಲ್ಲ. ಇದಕ್ಕೂ ಮೊದಲು ಅಷ್ಟೊಂದು ಕಾಯುವುದು ಯಾಕೆ ಅಂತ ಈಗ ಅರ್ಥವಾಗುತ್ತದೆ.

ಟೀಲೋಫೇಸ್‌ನಲ್ಲಿ ಹೊಸ ಪೊರೆ ಕಟ್ಟಿಕೊಂಡು ಎರಡು ಕೋಶಕೇಂದ್ರಗಳಾಗುತ್ತವೆ. ಪ್ರಾಣಿಕೋಶವಾದರೆ ನಡುವೆ ಬಿಗಿದು ಎರಡಾಗುತ್ತದೆ, ಸಸ್ಯಕೋಶವಾದರೆ ಮಧ್ಯದಲ್ಲಿ ಹೊಸ ಗೋಡೆ ಎದ್ದು ಎರಡಾಗುತ್ತದೆ.

ಕಾಯುವುದು ತಪ್ಪಿದರೆ

ತಡೆದು ನಿಲ್ಲಿಸುವ ಜಾಗಗಳಿಗೆ ಚೆಕ್‌ಪಾಯಿಂಟ್ ಅನ್ನುತ್ತಾರೆ. ಈ ವಿಚಾರ ಗಟ್ಟಿಯಾಗಿದ್ದು 1988ರಲ್ಲಿ ಟೆಡ್ ವೈನರ್ಟ್ ಮತ್ತು ಹಾರ್ಟ್‌ವೆಲ್ ಮಾಡಿದ ಕೆಲಸದಿಂದ. ಎಕ್ಸ್‌ರೇ ತಗುಲಿದ ಯೀಸ್ಟ್ ಸಾಮಾನ್ಯವಾಗಿ ಜಿ2ರಲ್ಲಿ ನಿಂತು, ಡಿಎನ್‌ಎ ಸರಿಮಾಡಿಕೊಂಡು, ಆಮೇಲೆ ಮುಂದೆ ಹೋಗುತ್ತದೆ. ರ್‍ಯಾಡ್9 ಅನ್ನುವ ಜೀನು ಕೆಟ್ಟ ಯೀಸ್ಟ್ ಹಾಗೆ ನಿಲ್ಲುವುದಿಲ್ಲ. ಮುರಿದ ಡಿಎನ್‌ಎ ಇಟ್ಟುಕೊಂಡೇ ಒಡೆದು ಸಾಯುತ್ತದೆ. ಇದಕ್ಕೆ ರಿಪೇರಿ ಮಾಡುವುದೇ ಬರುವುದಿಲ್ಲವೇನೋ ಅಂತ ಯಾರಿಗಾದರೂ ಅನ್ನಿಸುತ್ತದೆ. ಅವರು ಔಷಧ ಹಾಕಿ ಆ ಯೀಸ್ಟ್ ಅನ್ನು ಬಲವಂತವಾಗಿ ಕೆಲವು ಗಂಟೆ ನಿಲ್ಲಿಸಿದರು. ಆಗ ಅದು ಬದುಕಿತು! ರಿಪೇರಿಯ ಸಾಮಾನೆಲ್ಲ ಅದರ ಹತ್ತಿರ ಮೊದಲಿನಿಂದಲೂ ಇತ್ತು. ಇಲ್ಲದಿದ್ದದ್ದು ನಿಲ್ಲುವುದೊಂದೇ.

ಮನುಷ್ಯನಲ್ಲಿ ಈ ಕೆಲಸ ಮಾಡುವವುಗಳಲ್ಲಿ ಮುಖ್ಯವಾದದ್ದು ಪಿ53 ಅನ್ನುವ ಪ್ರೋಟೀನು. ಡಿಎನ್‌ಎಗೆ ಪೆಟ್ಟು ಬಿದ್ದರೆ ಇದು ಸಿಡಿಕೆಗಳನ್ನು ತಡೆಯುವ ಪ್ರೋಟೀನನ್ನು ತಯಾರಿಸಲು ಹೇಳಿ ಚಕ್ರವನ್ನು ನಿಲ್ಲಿಸುತ್ತದೆ. ಪೆಟ್ಟು ಸರಿಮಾಡಲಾಗದಷ್ಟು ದೊಡ್ಡದಾದರೆ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಮನುಷ್ಯನ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನು ಕೆಟ್ಟಿರುತ್ತದೆ. ಆನೆಗೆ ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಕೋಶಗಳಿವೆ, ಆಯಸ್ಸೂ ಕಡಿಮೆಯೇನಲ್ಲ. ಆದರೂ ಅದಕ್ಕೆ ಕ್ಯಾನ್ಸರ್ ಬರುವುದು ಕಡಿಮೆ. 2015ರಲ್ಲಿ ಇದಕ್ಕೊಂದು ಕಾರಣ ಸಿಕ್ಕಿತು. ನಮ್ಮಲ್ಲಿ ಪಿ53 ಜೀನು ಒಂದೇ ಇದ್ದರೆ ಆನೆಯಲ್ಲಿ ಅದರ ಪ್ರತಿಗಳು ಇಪ್ಪತ್ತರಷ್ಟಿವೆ. ಡಿಎನ್‌ಎ ಕೆಟ್ಟ ಕೋಶ ಅಲ್ಲಿ ಬೇಗ ಸಾಯುತ್ತದೆ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯದವರಾದ ನಮಗೆ ಇದು ಗೊತ್ತಿದ್ದರೆ ಚೆಂದ.

ಕ್ಯಾನ್ಸರ್ ಔಷಧಗಳಲ್ಲಿ ಹಲವು ಇದೇ ಚಕ್ರದ ಮೇಲೆ ಕೈ ಇಡುತ್ತವೆ. ಮನೆಯಂಗಳದಲ್ಲಿ ಬೆಳೆಯುವ ಸದಾಪುಷ್ಪ, ಅಂದರೆ ಕಾಶಿ ಕಣಗಿಲೆಯಿಂದ ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಸಿಗುತ್ತವೆ. ಇವು ಸ್ಪಿಂಡಲ್ ನಳಿಕೆಗಳನ್ನು ಕಟ್ಟಲು ಬಿಡುವುದಿಲ್ಲ. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ವಿನ್‌ಕ್ರಿಸ್ಟೀನ್ ಇವತ್ತಿಗೂ ಮುಖ್ಯ ಔಷಧ. ಪ್ಯಾಕ್ಲಿಟ್ಯಾಕ್ಸೆಲ್ ಇದಕ್ಕೆ ತಿರುಗುಮುರುಗು. ಅದು ನಳಿಕೆ ಕುಗ್ಗಲು ಬಿಡುವುದಿಲ್ಲ. ಎರಡರಿಂದಲೂ ಆಗುವುದು ಒಂದೇ: ಹಿಡಿಗಳು ಸರಿಯಾಗಿ ಕಟ್ಟಿಕೊಳ್ಳದೆ ಕೋಶ ನಿಂತುಬಿಡುತ್ತದೆ, ಕೊನೆಗೆ ಸಾಯುತ್ತದೆ. ಕೀಮೋಥೆರಪಿಯಲ್ಲಿ ಕೂದಲು ಉದುರುವುದು, ಹೊಟ್ಟೆ ಕೆಡುವುದು, ರಕ್ತಕಣ ಇಳಿಯುವುದು ಯಾಕೆ ಅಂತ ಕೇಳುವವರು ಬಹಳ. ಕೂದಲಿನ ಬುಡ, ಕರುಳು, ಮಜ್ಜೆ, ಈ ಮೂರೂ ಕಡೆ ಕೋಶಗಳು ಬೇಗ ಬೇಗ ವಿಭಜನೆಯಾಗುತ್ತವೆ. ಔಷಧಕ್ಕೆ ಅವೂ ಸಿಕ್ಕಿಬೀಳುತ್ತವೆ.

ಮಲೆನಾಡಿನವರು ಗೌರಿ ಹೂ ಅನ್ನುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇಂಥದೇ ಒಂದು ವಿಷವಿದೆ, ಕಾಲ್ಚಿಸಿನ್. ತಿಂದರೆ ಪ್ರಾಣಕ್ಕೇ ಅಪಾಯ. ಇದು ಕೂಡ ಸ್ಪಿಂಡಲ್ ಕಟ್ಟಲು ಬಿಡದೆ ಕೋಶವನ್ನು ತಡೆಯುತ್ತದೆ. ಆಗ ವರ್ಣತಂತುಗಳನ್ನು ಎಣಿಸುವುದು ಸುಲಭ. 1955ರ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಜೋ ಹಿನ್ ಟಿಯೊ ಮತ್ತು ಆಲ್ಬರ್ಟ್ ಲೆವಾನ್ ಕಾಲ್ಚಿಸಿನ್ ಬಳಸಿಯೇ ಮನುಷ್ಯನ ವರ್ಣತಂತುಗಳು 46 ಅಂತ ತೋರಿಸಿದರು. ಅಲ್ಲಿಯವರೆಗೆ ಮೂರು ದಶಕ ಎಲ್ಲ ಪುಸ್ತಕಗಳಲ್ಲೂ 48 ಅಂತಲೇ ಇತ್ತು.

ಎಲ್ಲಕ್ಕಿಂತ ದೀರ್ಘವಾದ ನಿಲುಗಡೆ

ಇಲ್ಲಿಯ ತನಕ ಹೇಳಿದ್ದು ಮೈಟೋಸಿಸ್. ಅಂಡಾಣು, ವೀರ್ಯಾಣು ತಯಾರಾಗುವಾಗ ನಡೆಯುವುದು ಮಿಯಾಸಿಸ್. ಡಿಎನ್‌ಎ ಒಮ್ಮೆ ಮಾತ್ರ ದುಪ್ಪಟ್ಟಾಗಿ, ವಿಭಜನೆ ಎರಡು ಸಲ ಆಗುತ್ತದೆ. 46 ಇದ್ದದ್ದು 23 ಆಗುತ್ತದೆ. ಮೊದಲ ವಿಭಜನೆಗೂ ಮುನ್ನ ಅಪ್ಪನಿಂದ ಬಂದ ವರ್ಣತಂತು, ಅಮ್ಮನಿಂದ ಬಂದ ಅದರ ಜೋಡಿ ಅಂಟಿಕೊಂಡು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಡಹುಟ್ಟಿದವರು ಒಬ್ಬರ ಹಾಗೆ ಇನ್ನೊಬ್ಬರು ಇರದಿರುವುದಕ್ಕೆ ಇದೂ ಒಂದು ಕಾರಣ.

ಗಂಡಿನಲ್ಲಿ ಇದು ಪ್ರಾಯಕ್ಕೆ ಬಂದ ಮೇಲೆ ಶುರುವಾಗಿ ನಿರಂತರ ನಡೆಯುತ್ತದೆ. ಹೆಣ್ಣಿನಲ್ಲಿ ಹಾಗಲ್ಲ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದರ ಅಂಡಕೋಶಗಳು ಮೊದಲ ವಿಭಜನೆಯನ್ನು ಶುರುಮಾಡಿ, ಪ್ರೋಫೇಸ್‌ನಲ್ಲೇ ನಿಂತುಬಿಡುತ್ತವೆ. ಆ ಮಗು ಹುಟ್ಟಿ, ಬೆಳೆದು, ಋತುಮತಿಯಾಗಿ, ಒಂದೊಂದು ತಿಂಗಳು ಒಂದೊಂದು ಅಂಡ ಹೊರಬರುವ ತನಕ ಆ ನಿಲುಗಡೆ ಮುಂದುವರಿಯುತ್ತದೆ. ಕೆಲವಕ್ಕೆ 15 ವರ್ಷ, ಕೆಲವಕ್ಕೆ 40 ವರ್ಷ. ಹೊರಬಂದ ಮೇಲೂ ಎರಡನೇ ವಿಭಜನೆಯ ಮೆಟಾಫೇಸ್‌ನಲ್ಲಿ ಮತ್ತೊಮ್ಮೆ ನಿಲ್ಲುತ್ತದೆ. ವೀರ್ಯಾಣು ಸೇರಿದಾಗ ಅಂಡದೊಳಗೆ ಕ್ಯಾಲ್ಷಿಯಂ ಏರುತ್ತದೆ, ಸೆಕ್ಯೂರಿನ್ ನಾಶವಾಗುತ್ತದೆ, ಬಳೆಗಳು ತುಂಡಾಗುತ್ತವೆ. ಆಮೇಲಷ್ಟೇ ವಿಭಜನೆ ಪೂರ್ತಿಯಾಗುತ್ತದೆ.

ಇಷ್ಟು ವರ್ಷವೂ ವರ್ಣತಂತುಗಳನ್ನು ಹಿಡಿದಿಡುವುದು ಅದೇ ಕೊಹೀಸಿನ್ ಬಳೆಗಳು. ಇಲಿಗಳ ಮೇಲೆ ನಡೆದ ಸಂಶೋಧನೆ ಹೇಳುವಂತೆ ಈ ಬಳೆಗಳು ಹುಟ್ಟಿಗೂ ಮೊದಲು ಹಾಕಿದವು, ಆಮೇಲೆ ಹೊಸದಾಗಿ ಸೇರುವುದಿಲ್ಲ. ವಯಸ್ಸಾದಂತೆ ಕಳಚುತ್ತಾ ಹೋಗುತ್ತವೆ. ಹಿಡಿತ ಸಡಿಲವಾದರೆ ವರ್ಣತಂತುಗಳ ಹಂಚಿಕೆ ತಪ್ಪಬಹುದು. 21ನೇ ವರ್ಣತಂತು ಒಂದು ಜಾಸ್ತಿ ಬಂದರೆ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ. ಇದನ್ನು 1959ರಲ್ಲಿ ಫ್ರಾನ್ಸಿನಲ್ಲಿ ಕಂಡುಕೊಂಡರು. ತಾಯಿಗೆ 40 ವರ್ಷವಾಗಿದ್ದಾಗ ಇದರ ಸಾಧ್ಯತೆ ಸುಮಾರು ನೂರಕ್ಕೆ ಒಂದು, ಇಪ್ಪತ್ತರ ಹರೆಯದಲ್ಲಿ ಬಹಳ ಕಡಿಮೆ. ಆದರೆ ಯಾವ ವಯಸ್ಸಿನಲ್ಲೂ ಆಗಬಹುದು.

ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದ ಮನೆಗಳಲ್ಲಿ ಇವತ್ತಿಗೂ ತಾಯಿಯನ್ನು ಪ್ರಶ್ನಿಸುತ್ತಾರೆ. ಬಸುರಿಯಿದ್ದಾಗ ಏನು ತಿಂದಳು, ಗ್ರಹಣದ ದಿನ ಹೊರಗೆ ಬಂದಿದ್ದಳಾ, ಯಾಕೆ ಹುಷಾರಾಗಿರಲಿಲ್ಲ ಅಂತ. ಆಕೆ ಬಸುರಿಯಾದ ಮೇಲೆ ಮಾಡಿದ ಯಾವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸಾಮಾನ್ಯವಾಗಿ ಹಂಚಿಕೆ ತಪ್ಪಿರುವುದು ಅಂಡ ತಯಾರಾಗುವಾಗ, ಅಂದರೆ ಗರ್ಭ ನಿಲ್ಲುವ ಮೊದಲೇ. ಆ ಹಂಚಿಕೆ ನಂಬಿಕೊಂಡಿದ್ದ ಬಳೆಗಳನ್ನು ಹಾಕಿದ್ದು ಆಕೆ ತನ್ನ ಅಮ್ಮನ ಹೊಟ್ಟೆಯಲ್ಲಿದ್ದಾಗ.